ದಸರಾ ಸ್ತಬ್ಧಚಿತ್ರಕ್ಕೆ ಏಮಿ ಜಾನ್ಸನ್ ವಿಮಾನ: ಅಳತೆ, ಬಣ್ಣ, ಬಟ್ಟೆ ಗೊತ್ತಿದ್ದವರು ಹೇಳಿ

ಪೊನ್ನಂಪೇಟೆ ರಸ್ತೆ
ಗೋಣಿಕೊಪ್ಪ ದಸರಾ ಮೆರವಣಿಗೆಗೆ ನಮ್ಮ ಯುವಕ ಸಂಘದಿಂದ ಈ ಸಲ ಏಮಿ ಜಾನ್ಸನ್ ಸ್ತಬ್ಧಚಿತ್ರ ಅಂತ ತೀರ್ಮಾನ ಆಗಿದೆ. ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಅವಳ ಎರಡು ರೆಕ್ಕೆಯ ವಿಮಾನ, ಪಕ್ಕದಲ್ಲಿ ಗಾಗಲ್ಸ್ ಹಾಕಿ ಕೈಬೀಸುವ ಹುಡುಗಿ. ಅರ್ಧ ಅಳತೆಯಲ್ಲಿ ಮಾಡೋಣ ಅಂತ ಇದ್ದೇವೆ. ವಿಮಾನದ ನಿಜವಾದ ಅಳತೆ ಎಷ್ಟು? ಬಣ್ಣ ಯಾವುದು? ರೆಕ್ಕೆಗೆ ಏನು ಹೊದಿಸಿದ್ದರು? ಫಲಕಕ್ಕೆ ಬರೆದಿಟ್ಟದ್ದು ಇದು: "ವಿಶ್ವದ ಮೊದಲ ಮಹಿಳಾ ಪೈಲಟ್ ಏಮಿ ಜಾನ್ಸನ್. 1930ರಲ್ಲಿ ದಾಖಲೆ ವೇಗದಲ್ಲಿ ಆಸ್ಟ್ರೇಲಿಯಾ ತಲುಪಿದ ವೀರವನಿತೆ." ತಪ್ಪಿದ್ದರೆ ಈಗಲೇ ಹೇಳಿ, ನಾಳೆ ಪೈಂಟರ್ ಬರ್ತಾರೆ.

ಬಾಳೆಲೆ ಮೇಷ್ಟ್ರು
ಪೈಂಟರಿಗೆ ನಾಳೆ ಬರಬೇಡಿ ಅಂತ ಹೇಳಿ. ಎರಡು ವಾಕ್ಯದಲ್ಲಿ ಎರಡು ತಪ್ಪು.

ಜಗತ್ತಿನಲ್ಲಿ ಪೈಲಟ್ ಲೈಸೆನ್ಸ್ ಪಡೆದ ಮೊದಲ ಮಹಿಳೆ ಫ್ರಾನ್ಸಿನ ರೇಮಂಡ್ ದ ಲಾರೋಶ್, 1910ರ ಮಾರ್ಚ್ 8ರಂದು. ಆಗ ಏಮಿಗೆ ಇನ್ನೂ ಏಳು ವರ್ಷ ತುಂಬಿರಲಿಲ್ಲ (ಹುಟ್ಟಿದ್ದು 1903ರ ಜುಲೈ 1, ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ). ಏಮಿಯ ಹಿರಿಮೆ ಬೇರೆ: ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬಂಟಿಯಾಗಿ ಹಾರಿದ ಮೊದಲ ಮಹಿಳೆ.

ಇನ್ನು ದಾಖಲೆ ವೇಗ. 1928ರಲ್ಲಿ ಆಸ್ಟ್ರೇಲಿಯಾದ ಪೈಲಟ್ ಬರ್ಟ್ ಹಿಂಕ್ಲರ್ ಇದೇ ದಾರಿಯನ್ನು ಹದಿನೈದೂವರೆ ದಿನದಲ್ಲಿ ಮುಗಿಸಿದ್ದರು. ಏಮಿ ಲಂಡನ್ನಿನ ಕ್ರಾಯ್ಡನ್ ಬಿಟ್ಟದ್ದು 1930ರ ಮೇ 5, ಡಾರ್ವಿನ್ ಮುಟ್ಟಿದ್ದು ಮೇ 24. ಹತ್ತೊಂಬತ್ತೂವರೆ ದಿನ. ಹಿಂಕ್ಲರ್ ದಾಖಲೆ ಮುರಿಯಬೇಕು ಅಂತಲೇ ಹೊರಟದ್ದು, ಮುರಿಯಲಿಲ್ಲ. ಕರಾಚಿವರೆಗಿನ ದಾಖಲೆ ಮಾತ್ರ ಅವರದ್ದಾಯಿತು: ಆರು ದಿನ, ಹಿಂಕ್ಲರ್‌ಗಿಂತ ಎರಡು ದಿನ ಕಮ್ಮಿ.

ಸಿಲ್ವರ್ ನೆರಳು
ಮೇಷ್ಟ್ರು ಕೆಂಪು ಪೆನ್ನು ಜೇಬಲ್ಲೇ ಇಟ್ಟುಕೊಂಡು ಕೂತಿದ್ದರು ಅಂತ ಕಾಣ್ತದೆ 😀

ಕುಟ್ಟ ಗೇಟ್
ವಿದೇಶದವಳು ಯಾಕೆ ಅಂತ ಯಾರೂ ಕೇಳಲಿಲ್ವಾ? ನಮ್ಮ ಸರಳಾ ತಕ್ರಾಲ್ ಇಲ್ವಾ? 1936ರಲ್ಲಿ, 21ನೇ ವಯಸ್ಸಿಗೆ, ಸೀರೆ ಉಟ್ಟೇ ಜಿಪ್ಸಿ ಮಾತ್ ವಿಮಾನ ಹಾರಿಸಿದವರು. ಆಗಲೇ ಮನೆಯಲ್ಲಿ ನಾಲ್ಕು ವರ್ಷದ ಮಗಳು. ಲಾಹೋರ್ ಫ್ಲೈಯಿಂಗ್ ಕ್ಲಬ್‌ನ ವಿಮಾನದಲ್ಲಿ ಸಾವಿರ ಗಂಟೆ ಹಾರಾಟ.

ಹಾರಂಗಿ ಹಿನ್ನೀರು
ಅಷ್ಟೇ ಯಾಕೆ, ಕೊಡಗಿನವರಿಗೆ ವಿಮಾನ ಅಂದರೆ ಮೊದಲು ನೆನಪಾಗಬೇಕಾದ್ದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಗೆ ಹೋಗಿ ಹಿಂದಿರುಗಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ.

ಪೊನ್ನಂಪೇಟೆ ರಸ್ತೆ
ದೇವಯ್ಯನವರ ಬಗ್ಗೆ ಎರಡು ಮಾತಿಲ್ಲ. ಈ ವರ್ಷದ ವಿಷಯ ಮಹಿಳೆ ಮತ್ತು ತಂತ್ರಜ್ಞಾನ, ಅದಕ್ಕೆ. ಸರಳಾ ಅವರ ಹೆಸರೂ ಚರ್ಚೆಗೆ ಬಂತು. ವಿಮಾನ ಹೇಗೂ ಒಂದೇ ಜಾತಿಯದ್ದು, ಮುಂದಿನ ವರ್ಷ ಬಣ್ಣ ಬದಲಾಯಿಸಿದರೆ ಆಯ್ತು ಅಂತ ನಮ್ಮ ಖಜಾಂಚಿ ಲೆಕ್ಕ ಹಾಕಿಟ್ಟಿದ್ದಾರೆ.

ಗ್ರೀಸ್ ಕೈ
ಖಜಾಂಚಿ ಹೇಳಿದ್ದು ಸರಿ. ಈಗ ಅಳತೆ ಬರೆದುಕೊಳ್ಳಿ.

ವಿಮಾನ ಡಿ ಹ್ಯಾವಿಲಂಡ್ ಡಿಹೆಚ್ 60ಜಿ ಜಿಪ್ಸಿ ಮಾತ್. ಮಾತ್ ಅಂದರೆ ಪತಂಗ. ರೆಕ್ಕೆ ತುದಿಯಿಂದ ತುದಿಗೆ 30 ಅಡಿ. ಮೂಗಿನಿಂದ ಬಾಲಕ್ಕೆ ಒಂದಿಂಚು ಕಮ್ಮಿ 24 ಅಡಿ. ಎತ್ತರ ಒಂಬತ್ತು ಅಡಿಯ ಹತ್ತಿರ. ರೆಕ್ಕೆಯ ಅಗಲ ನಾಲ್ಕೂಕಾಲು ಅಡಿಯಷ್ಟು. ಅರ್ಧ ಅಳತೆ ಅಂದರೆ 15 ಅಡಿ ರೆಕ್ಕೆ, 12 ಅಡಿ ಉದ್ದ, ನಾಲ್ಕೂವರೆ ಅಡಿ ಎತ್ತರ.

ಬಣ್ಣ: ಮೈ ಕಡು ಹಸಿರು, ಬಾಟಲಿ ಹಸಿರು ಅಂತಾರಲ್ಲ ಅದು. ರೆಕ್ಕೆ ಬೆಳ್ಳಿ ಬಣ್ಣ. ಮೈಮೇಲೆ ಬೆಳ್ಳಿ ಅಕ್ಷರದಲ್ಲಿ ನೋಂದಣಿ ಸಂಖ್ಯೆ ಜಿ-ಎಎಎಹೆಚ್, ಇಂಗ್ಲಿಷ್ ಅಕ್ಷರದಲ್ಲೇ ಬರೆಸಿ. ಹೆಸರು ಜೇಸನ್, ಅದು ಏಮಿಯ ತಂದೆಯ ಮೀನು ವ್ಯಾಪಾರದ ಮುದ್ರೆ.

ಒಂದು ಎಚ್ಚರಿಕೆ. ನೆಟ್‌ನಲ್ಲಿ ಹುಡುಕಿದರೆ ಹತ್ತರಲ್ಲಿ ಆರು ಚಿತ್ರ ಟೈಗರ್ ಮಾತ್‌ನದ್ದು ಬರ್ತದೆ. ಅದನ್ನು ನೋಡಿ ಮಾಡಿದರೆ ಕೆಟ್ಟಿತು. ಟೈಗರ್ ಮಾತ್‌ನ ರೆಕ್ಕೆ ಹಿಂದಕ್ಕೆ ಬಾಗಿದೆ, ಎಂಜಿನ್ ತಲೆಕೆಳಗಾಗಿ ಕೂತಿದೆ. ಜೇಸನ್ನಿನ ಎಂಜಿನ್ ಜಿಪ್ಸಿ 1, ನೆಟ್ಟಗೆ ನಿಂತ ನಾಲ್ಕು ಸಿಲಿಂಡರ್, 100 ಅಶ್ವಶಕ್ತಿ. ಸಿಲಿಂಡರ್ ತಲೆಗಳು ಮೇಲಿದ್ದು ಗಾಳಿಗೆ ತಣಿಯುತ್ತವೆ. ರೆಕ್ಕೆ ನೇರ.

ಸಿಲ್ವರ್ ನೆರಳು
ಅರ್ಧ ಅಳತೆಯ ವಿಮಾನದ ಪಕ್ಕ ಪೂರ್ತಿ ಅಳತೆಯ ಹುಡುಗಿ ನಿಂತರೆ ಜಾತ್ರೆಯ ಆಟಿಕೆ ವಿಮಾನದ ಹಾಗೆ ಕಾಣ್ತದೆ. ಯೋಚನೆ ಮಾಡಿ.

ಪೊನ್ನಂಪೇಟೆ ರಸ್ತೆ
ಅದು ಹೌದಲ್ಲ. ಪೂರ್ತಿ ಅಳತೆ ಮಾಡಿದರೆ 30 ಅಡಿ ರೆಕ್ಕೆ ಪೇಟೆ ಬೀದಿಯಲ್ಲಿ ಹಿಡಿಸಲ್ಲ. ಕರೆಂಟ್ ಕಂಬಕ್ಕೆ ತಾಗ್ತದೆ.

ಗ್ರೀಸ್ ಕೈ
ಮಾತ್‌ನ ರೆಕ್ಕೆ ಮಡಚಬಹುದು. ಕಾರ್ ಶೆಡ್ಡಿನಂಥ ಸಣ್ಣ ಜಾಗದಲ್ಲಿ ಇಡಲಿ ಅಂತಲೇ ಹಾಗೆ ಮಾಡಿದ್ದು. ಬುಡದ ಮುಂದಿನ ಪಿನ್ ತೆಗೆದರೆ ಹಿಂದಿನ ತೊಲೆಯ ಕೀಲಿನ ಮೇಲೆ ರೆಕ್ಕೆ ಬಾಗಿಲಿನ ಹಾಗೆ ಹಿಂದಕ್ಕೆ ತಿರುಗಿ ಮೈಗೆ ಒತ್ತಿ ನಿಲ್ತದೆ. ಆಗ ಅಗಲ ಹತ್ತು ಅಡಿಗಿಂತ ಕಮ್ಮಿ. ಪಿನ್ ತೆಗೆಯುವ ಮೊದಲು ಮೇಲಿನ ಮತ್ತು ಕೆಳಗಿನ ರೆಕ್ಕೆಯ ಬುಡದ ನಡುವೆ ಒಂದು ತಾತ್ಕಾಲಿಕ ಊರುಗೋಲು ಕೊಡಲೇಬೇಕು, ಇಲ್ಲದಿದ್ದರೆ ಮುಂದಿನ ಅಂಚು ಕುಸಿಯುತ್ತದೆ. ನಿಮ್ಮ ಬಿದಿರಿನ ರೆಕ್ಕೆಗೂ ಇದೇ ಮಾತು.

ಅಮ್ಮತ್ತಿ ಅಕ್ಕ
ಎಲ್ಲರೂ ಅಳತೆ ಹಿಡಿದು ಕೂತಿದ್ದೀರಿ. ನನ್ನ ತಕರಾರು ಆ ಕೈಬೀಸುವ ಹುಡುಗಿಯ ಬಗ್ಗೆ. ವಿಷಯ ತಂತ್ರಜ್ಞಾನ ಅಂತೀರಿ, ಆಮೇಲೆ ಅವರನ್ನು ಬೊಂಬೆ ಮಾಡಿ ನಿಲ್ಲಿಸ್ತೀರಿ. ಏಮಿ ಬರೀ ಪೈಲಟ್ ಅಲ್ಲ, ಲೈಸೆನ್ಸ್ ಇದ್ದ ಮೆಕ್ಯಾನಿಕ್. ಶೆಫೀಲ್ಡ್‌ನಲ್ಲಿ ಅರ್ಥಶಾಸ್ತ್ರದ ಬಿಎ, ಲಂಡನ್ನಿನಲ್ಲಿ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ಬಿಡುವಾದಾಗ ಸ್ಟ್ಯಾಗ್ ಲೇನ್ ಹ್ಯಾಂಗರ್‌ಗೆ ಹೋಗಿ ಎಂಜಿನ್ ಬಿಚ್ಚಿ ಜೋಡಿಸುವುದು ಕಲಿತರು. 1929ರ ಜುಲೈನಲ್ಲಿ ಹಾರುವ ಲೈಸೆನ್ಸ್, ಅದೇ ಡಿಸೆಂಬರಿನಲ್ಲಿ ಗ್ರೌಂಡ್ ಎಂಜಿನಿಯರ್ ಲೈಸೆನ್ಸ್. ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಹೆಂಗಸು. ಆ ದಾರಿಯಲ್ಲಿ ರೇಡಿಯೊ ಇಲ್ಲ, ಜೊತೆಗೆ ಜನ ಇಲ್ಲ. ಸ್ಪ್ಯಾನರ್ ಹಿಡಿಯಲು ಬರದೇ ಇದ್ದರೆ ಅರ್ಧ ದಾರಿಯಲ್ಲೇ ಮುಗಿಯುತ್ತಿತ್ತು.

ಇನ್ನೊಂದು. "ಅವಳು" ಬೇಡ, "ಅವರು" ಅನ್ನಿ. ಹಿಂಕ್ಲರ್‌ಗೆ ಯಾರೂ ಏಕವಚನ ಹಾಕಲಿಲ್ಲ.

ಪೊನ್ನಂಪೇಟೆ ರಸ್ತೆ
ತಪ್ಪಾಯ್ತು ಅಕ್ಕ. ಅವರು.

ಕುಟ್ಟ ಗೇಟ್
ಸ್ಪ್ಯಾನರ್ ಹಿಡಿದು ಅಷ್ಟು ಕೆಲಸ ಏನಿತ್ತು? ಪೆಟ್ರೋಲ್ ಹಾಕಿ ಹೊರಡುವುದು ತಾನೇ?

ಗ್ರೀಸ್ ಕೈ
@ಕುಟ್ಟ ಗೇಟ್ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೆ 85 ಮೈಲಿ ಆಸುಪಾಸಿನಲ್ಲಿ ಹಾರಿ ಇಳಿದ ಮೇಲೆ ಶುರುವಾಗುವ ಕೆಲಸ ಕೇಳಿ. ಎಣ್ಣೆ ಬಿಸಿ ಇರುವಾಗಲೇ ಸುರಿದು, ಫಿಲ್ಟರ್ ತೊಳೆದು, ಹೊಸ ಎಣ್ಣೆ. ಕಿಡಿಗೆ ಕರೆಂಟ್ ಕೊಡುವ ಎರಡು ಮ್ಯಾಗ್ನೆಟೊ, ಸಿಲಿಂಡರಿಗೆ ಎರಡರಂತೆ ಎಂಟು ಪ್ಲಗ್. ಒಂದೊಂದನ್ನೂ ಬಿಚ್ಚಿ ಮಸಿ ಒರೆಸಿ ಗ್ಯಾಪ್ ನೋಡಬೇಕು. ಟ್ಯಾಪೆಟ್ ಸಂದು ನೋಡಬೇಕು, ಕೀಲಿಗೆಲ್ಲ ಗ್ರೀಸ್. ಆಮೇಲೆ ಪೆಟ್ರೋಲನ್ನು ಶ್ಯಾಮಿ ತೊಗಲಿನಲ್ಲಿ ಸೋಸಿ ತುಂಬುವುದು. ಒದ್ದೆ ಮಾಡಿದ ಶ್ಯಾಮಿಯಲ್ಲಿ ಪೆಟ್ರೋಲ್ ಇಳಿಯುತ್ತೆ, ನೀರು ಮೇಲೆ ನಿಲ್ತದೆ. ಡಬ್ಬದ ಪೆಟ್ರೋಲಿನಲ್ಲಿ ಒಂದು ಲೋಟ ನೀರಿದ್ದರೂ ಕಾರ್ಬ್ಯುರೇಟರ್ ಜೆಟ್ ಕಟ್ಟಿ ಎಂಜಿನ್ ನಡುಗಾಳಿಯಲ್ಲಿ ನಿಲ್ತದೆ.

ಇಷ್ಟಾಗಿ ನಿದ್ದೆಗೆ ಸಿಗುತ್ತಿದ್ದದ್ದು ಎಷ್ಟೋ ರಾತ್ರಿ ಮೂರು ಗಂಟೆ.

ಹಾರುವಾಗಲೂ ಕೈಗೆ ಬಿಡುವಿಲ್ಲ. ಪೈಲಟ್ ಕೂರುವುದು ಹಿಂದಿನ ಸೀಟು. ಮುಂದಿನ ಸೀಟಿನ ಜಾಗದಲ್ಲಿ ಹೆಚ್ಚುವರಿ ಟ್ಯಾಂಕ್. ಎಂಜಿನ್‌ಗೆ ಪೆಟ್ರೋಲ್ ಇಳಿಯುವುದು ಮೇಲಿನ ರೆಕ್ಕೆಯ ನಡುವಿನ ಟ್ಯಾಂಕಿನಿಂದ, ತನ್ನ ಭಾರಕ್ಕೆ ತಾನೇ. ಕೆಳಗಿನದ್ದನ್ನು ಅಲ್ಲಿಗೆ ಕೈಪಂಪಿನಲ್ಲಿ ಏರಿಸಬೇಕು, ಪೆಟ್ರೋಲ್ ವಾಸನೆ ಕುಡಿಯುತ್ತಾ. ಆದ್ದರಿಂದ ನಿಮ್ಮ ಮಾದರಿಯಲ್ಲಿ ಮುಂದಿನ ಸೀಟು ಮುಚ್ಚಿರಲಿ. ಅಲ್ಲಿ ಇನ್ನೊಂದು ಮಗುವನ್ನು ಕೂರಿಸಬೇಡಿ.

ಹಾರಂಗಿ ಹಿನ್ನೀರು
ನೀರು ಸೋಸುವ ಆ ವಿಷಯ ಪವರ್ ಸ್ಪ್ರೇಯರ್ ಇಟ್ಟುಕೊಂಡ ತೋಟದವರೂ ಓದಬೇಕು. ಮಳೆಗಾಲ ಮುಗಿದ ಮೇಲೆ ಸ್ಟಾರ್ಟ್ ಆಗಲ್ಲ ಅಂತ ಗೋಳು ಹೊಯ್ದುಕೊಳ್ಳುವ ಯಂತ್ರಗಳಲ್ಲಿ ಬಹಳಷ್ಟಕ್ಕೆ ಕ್ಯಾನಿನ ತಳದ ನೀರೇ ಕಾರಣ.

ಕುಟ್ಟ ಗೇಟ್
ಸರಿ, ಒಪ್ಪಿದೆ. ಆದರೆ ದಾರಿಯುದ್ದಕ್ಕೂ ಗುದ್ದುತ್ತಲೇ ಹೋದರಲ್ಲ? ಝಾನ್ಸಿಯಲ್ಲಿ, ರಂಗೂನಿನಲ್ಲಿ, ಕಡೆಗೆ ಬ್ರಿಸ್ಬೇನಿನಲ್ಲೂ. ಹಾರಿಸಲು ಅಷ್ಟೇನೂ ಬರುತ್ತಿರಲಿಲ್ಲ ಅಂತಲೇ ಅಲ್ವಾ?

ಬಾಳೆಲೆ ಮೇಷ್ಟ್ರು
ಅನುಭವ ಕಮ್ಮಿ ಇದ್ದದ್ದು ನಿಜ. ಹೊರಡುವಾಗ ನೂರು ಗಂಟೆಯ ಸುಮಾರು ಹಾರಾಟ, ಅಷ್ಟೇ. ಆದರೂ ಈ ಮೂರು ಕಡೆಯದ್ದನ್ನು ಬರೀ ಕೈಯ ತಪ್ಪು ಅಂತ ಬರೆದರೆ ಅನ್ಯಾಯ.

ಗ್ರೀಸ್ ಕೈ
ಕಾರಣ ಯಂತ್ರದಲ್ಲೇ ಉಂಟು. ಆ ಮಾತ್‌ಗೆ ಚಕ್ರದ ಬ್ರೇಕ್ ಇಲ್ಲ. ಬಾಲದಡಿ ಚಕ್ರವೂ ಇಲ್ಲ, ನೆಲ ಕೆರೆಯುವ ಒಂದು ಕೋಲು, ಸ್ಕಿಡ್. ಇಳಿದ ಮೇಲೆ ವೇಗ ತಗ್ಗುವುದು ಆ ಕೋಲು ಮಣ್ಣನ್ನು ಕೆರೆಯುವುದರಿಂದ, ಹುಲ್ಲು ಹಿಡಿಯುವುದರಿಂದ ಮಾತ್ರ. ಹಗುರ ಮೈ, ನಾಲ್ಕು ರೆಕ್ಕೆ ಹಲಗೆ. ಒಂದಿಷ್ಟು ವೇಗ ಹೆಚ್ಚಾದರೂ ನೆಲಕ್ಕೆ ಕೂರದೆ ತೇಲುತ್ತಾ ಹೋಗ್ತದೆ. ದೊಡ್ಡ ಬಯಲಾದರೆ ತೊಂದರೆ ಇಲ್ಲ. ಝಾನ್ಸಿಯಲ್ಲಿ ಪೆಟ್ರೋಲ್ ಮುಗಿಯುತ್ತಾ ಬಂದು ಸೇನೆಯ ಪೆರೇಡ್ ಮೈದಾನದಲ್ಲಿ ಇಳಿದರು, ಕಂಬಕ್ಕೆ ತಾಗಿ ರೆಕ್ಕೆ ಮುರಿಯಿತು. ರಂಗೂನಿನಲ್ಲಿ ಇಳಿಯಬೇಕಿದ್ದದ್ದು ರೇಸ್‌ಕೋರ್ಸ್. ಮುಂಗಾರು ಮಳೆಯಲ್ಲಿ ದಾರಿ ಸಿಗದೆ ಇನ್‌ಸೇನ್ ಎಂಬಲ್ಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನ ಆಟದ ಮೈದಾನಕ್ಕೆ ಇಳಿಸಿದರು. ಒದ್ದೆ ಹುಲ್ಲು, ಮೈದಾನ ಸಣ್ಣದು, ತುದಿಯಲ್ಲಿ ಚರಂಡಿ. ರೆಕ್ಕೆ, ಚಕ್ರದ ಕಾಲು, ಪ್ರೊಪೆಲ್ಲರ್ ಮೂರೂ ಹೋಯಿತು.

ಜೊತೆಗೆ ಒಂದು ಪ್ರೊಪೆಲ್ಲರ್ ಕಟ್ಟಿಕೊಂಡೇ ಹೊರಟಿದ್ದರು. ಮರದ ಪ್ರೊಪೆಲ್ಲರ್ ದಾರಿಯಲ್ಲಿ ಒಡೆದೇ ಒಡೆಯುತ್ತೆ ಅಂತ ಮೆಕ್ಯಾನಿಕ್ ಬುದ್ಧಿಗೆ ಗೊತ್ತಿತ್ತು. ನಿಮ್ಮ ಮಾದರಿಯ ಮೈಗೂ ಒಂದು ಕಟ್ಟಿ, ತಿಳಿದವರು ಗುರುತು ಹಿಡೀತಾರೆ.

ಅಮ್ಮತ್ತಿ ಅಕ್ಕ
ಇಲ್ಲೇ ಸಿಕ್ಕಿತು ನೋಡಿ ನಿಮ್ಮ ಸ್ತಬ್ಧಚಿತ್ರ! ಇನ್‌ಸೇನ್‌ನಲ್ಲಿ ಹರಿದ ರೆಕ್ಕೆಗೆ ಬಟ್ಟೆ ಬೇಕಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಉಳಿದ ವಿಮಾನದ ಬಟ್ಟೆಯನ್ನು ಅಲ್ಲಿಯವರು ಅಂಗಿ ಹೊಲಿಸಿಕೊಂಡು ಹಾಕುತ್ತಿದ್ದರು. ಆ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ಹೊಲಿದರು. ಬಟ್ಟೆ ಬಿಗಿಯಾಗಲು ಬಳಿಯುವ ಡೋಪ್ ಎಂಬ ದ್ರಾವಣವನ್ನು ಅಲ್ಲಿಯ ಔಷಧ ಅಂಗಡಿಯವರು ಕಲಸಿ ಕೊಟ್ಟರು. ಇನ್‌ಸ್ಟಿಟ್ಯೂಟ್‌ನ ಕಾರ್ಯಾಗಾರ ಪಕ್ಕದಲ್ಲೇ ಇತ್ತು. ಆದರೂ ಮೇ 13ರಂದು ಬಿದ್ದವರು ಹೊರಟದ್ದು 16ಕ್ಕೆ. ಹಿಂಕ್ಲರ್ ದಾಖಲೆ ಕೈಬಿಟ್ಟದ್ದು ಅಲ್ಲೇ.

ಟ್ರೈಲರ್ ಮೇಲೆ ಚರಂಡಿಗೆ ಮೂಗು ತಾಗಿದ ವಿಮಾನ, ಕಳಚಿದ ಒಂದು ರೆಕ್ಕೆ ಕುದುರೆಕಾಲಿನ ಸ್ಟ್ಯಾಂಡ್ ಮೇಲೆ, ಅದಕ್ಕೆ ಅಂಗಿ ಬಟ್ಟೆ ಹೊಲಿಯುವ ಏಮಿ, ಮೊಣಕೈವರೆಗೂ ಎಣ್ಣೆ. ಗಾಗಲ್ಸ್ ಹಣೆಯ ಮೇಲಿರಲಿ.

ಸಿಲ್ವರ್ ನೆರಳು
ಇದಕ್ಕೆ ನನ್ನ ಎರಡು ಕೈ. ಅಳತೆಯ ತಲೆನೋವೂ ಹೋಯ್ತು: ಮೂಗಿನಿಂದ ಸೀಟಿನವರೆಗೆ ಪೂರ್ತಿ ಅಳತೆಯಲ್ಲಿ ಮಾಡಿ, ಒಂದು ಬದಿಯ ರೆಕ್ಕೆ ಮಡಚಿ, ಇನ್ನೊಂದು ಬದಿಯದ್ದು ಕಳಚಿ ಇಡಿ. ಬಾಲ ಟ್ರೈಲರಿನ ಹಿಂದೆ ಚಾಚಿದರೆ ಕೆಂಪು ಬಟ್ಟೆ ಕಟ್ಟಿ.

ಕುಟ್ಟ ಗೇಟ್
ಬಿದ್ದ ವಿಮಾನ ತೋರಿಸಿದರೆ ಜನ ಅಪಶಕುನ ಅಂತಾರೆ. ದಸರಾ ಕಣ್ರಪ್ಪ.

ಬಾಳೆಲೆ ಮೇಷ್ಟ್ರು
ಆಯುಧ ಪೂಜೆಗೆ ಸ್ಪ್ಯಾನರ್ ಇಟ್ಟು ಕುಂಕುಮ ಹಚ್ಚುವವರು ನಾವು. ಸ್ಪ್ಯಾನರ್ ಹಿಡಿದ ಹೆಂಗಸು ಅಪಶಕುನ ಹೇಗಾಗ್ತಾರೆ?

ಪೊನ್ನಂಪೇಟೆ ರಸ್ತೆ
ಹೊಲಿಗೆ ದೃಶ್ಯವೇ ಗಟ್ಟಿ ಅಂತ ಸಮಿತಿಗೆ ಹೇಳ್ತೇನೆ. ಈಗ ಬಟ್ಟೆ ಕೆಲಸ ಹೇಳಿಕೊಡಿ. ಇಡೀ ವಿಮಾನಕ್ಕೆ ಬಟ್ಟೆ ಸುತ್ತಬೇಕಾ? ಡೋಪ್ ಎಲ್ಲಿ ಸಿಗ್ತದೆ?

ಗ್ರೀಸ್ ಕೈ
ಇಡೀ ವಿಮಾನಕ್ಕೆ ಬೇಡ. 60ಜಿಯ ಮೈ ಮರದ ಚೌಕಟ್ಟಿಗೆ ಪ್ಲೈವುಡ್ ಬಡಿದ ಪೆಟ್ಟಿಗೆ. ಬಟ್ಟೆ ಇದ್ದದ್ದು ರೆಕ್ಕೆ ಮತ್ತು ಬಾಲಕ್ಕೆ.

ಡೋಪ್ ಹುಡುಕಲೇ ಬೇಡಿ. ಅದು ಬಟ್ಟೆಯನ್ನು ಎಳೆದು ತಮಟೆಯ ಚರ್ಮದಷ್ಟು ಬಿಗಿ ಮಾಡುವ ದ್ರಾವಣ. ಹಳೆಯ ಕಾಲದ ನೈಟ್ರೇಟ್ ಡೋಪ್ ಒಣಗಿದ ಮೇಲೂ ಬೆಂಕಿ ಕಂಡರೆ ಭಗ್ ಅಂತ ಹತ್ತುತ್ತದೆ. ಮೆರವಣಿಗೆಯಲ್ಲಿ ಜನರೇಟರ್, ಬಲ್ಬು, ಪಟಾಕಿ. ಯೋಚನೆ ಮಾಡಿ.

ಬದಲಿಗೆ ಹೀಗೆ ಮಾಡಿ. ಉದ್ದದ ಎರಡು ತೊಲೆಗೆ ಸಿಲ್ವರ್ ಓಕಿನ ರೀಪರ್. ಅಡ್ಡ ಪಕ್ಕೆಲುಬಿಗೆ ಸೀಳಿದ ವಾಟೆ, ಅಡಿಗೊಂದು. ಪಕ್ಕೆಲುಬಿನ ಮೇಲ್ಭಾಗ ಉಬ್ಬಿರಲಿ, ಕೆಳಭಾಗ ಹೆಚ್ಚುಕಮ್ಮಿ ಚಪ್ಪಟೆ. ಬಟ್ಟೆ ಬಿಳುಪು ಮಾಡದ ಕೋರಾ ಹತ್ತಿ. ಮೊದಲೇ ಒಗೆಯಬೇಡಿ, ಕುಗ್ಗುವ ಗುಣ ಹೋಗಿಬಿಡ್ತದೆ. ಅಂಚಿಗೆ ಅಂಟಿಸಿ, ಪಕ್ಕೆಲುಬಿನ ಸುತ್ತ ದಾರದಲ್ಲಿ ಮೂರು ಇಂಚಿಗೊಂದು ಗಂಟು ಹಾಕುತ್ತಾ ಹೋಗಿ. ನಿಜವಾದ ರೆಕ್ಕೆಯಲ್ಲೂ ಹಾಗೇ ಹೊಲಿಯುವುದು, ಹಾರುವಾಗ ಮೇಲಿನ ಬಟ್ಟೆಯನ್ನು ಗಾಳಿ ಮೇಲಕ್ಕೆ ಹೀರುತ್ತೆ ಅಂತ. ಆಮೇಲೆ ನೀರು ಚಿಮುಕಿಸಿ ನೆರಳಿನಲ್ಲಿ ಒಣಗಿಸಿ. ಬಿಗಿಯಾದ ಮೇಲೆ ನೀರು ಬೆರೆಸಿದ ಫೆವಿಕಾಲ್ ಎರಡು ಕೋಟ್, ಕೊನೆಗೆ ಅಲ್ಯೂಮಿನಿಯಂ ಪೈಂಟ್.

ಎಡವಟ್ಟಾಗುವುದು ಎರಡು ಕಡೆ. ಒಂದೇ ಬದಿಗೆ ಬಟ್ಟೆ ಹಾಕಿ ಒದ್ದೆ ಮಾಡಿದರೆ ರೆಕ್ಕೆ ಹಪ್ಪಳದ ಹಾಗೆ ತಿರುಚಿಕೊಳ್ತದೆ. ಎರಡೂ ಬದಿ ಹಾಕಿ, ಎರಡನ್ನೂ ಒಟ್ಟಿಗೇ ಒದ್ದೆ ಮಾಡಿ. ಎರಡನೆಯದು, ಎಣ್ಣೆ ಪೈಂಟ್ ಬಿಟ್ಟು ಬರೀ ಫೆವಿಕಾಲ್ ಮೇಲೆ ನಿಲ್ಲಿಸಿದರೆ ಮಳೆ ಹನಿ ಬಿದ್ದ ಕಡೆ ಬೆಳ್ಳಗೆ ಮೆತ್ತಗಾಗಿ ಜೋತು ಬೀಳ್ತದೆ. ನಮ್ಮ ಕಡೆಯ ದಸರಾ ಮಳೆಯನ್ನು ನಂಬುವ ಹಾಗಿಲ್ಲ.

ಅಮ್ಮತ್ತಿ ಅಕ್ಕ
ತೇಪೆ ಹಾಕುವ ಕ್ರಮ ನಾನು ಹೇಳ್ತೇನೆ, ಹುಡುಗಿ ಸುಮ್ಮನೆ ಸೂಜಿ ಆಡಿಸಿದರೆ ಗೊತ್ತಾಗ್ತದೆ. ಹರಿದ ಕಡೆ ಮೊದಲು ಹಳೆಯ ಡೋಪ್ ಒರೆಸಬೇಕು, ಇಲ್ಲದಿದ್ದರೆ ತೇಪೆ ಹಿಡಿಯಲ್ಲ. ಹರುಕಿನ ತುದಿಯಿಂದ ಶುರುಮಾಡಿ, ಬಾಗಿದ ಸೂಜಿಯಲ್ಲಿ ಎರಡೂ ಅಂಚನ್ನು ಒಳಗಿನಿಂದ ಹೊರಕ್ಕೆ ಚುಚ್ಚುತ್ತಾ ಹತ್ತಿರ ತರಬೇಕು. ಅದರ ಮೇಲೆ ಸುತ್ತ ಎರಡು ಇಂಚು ಹೆಚ್ಚಿಗೆ ಬರುವ ತುಂಡು. ಆ ತುಂಡಿನ ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ್ದಿರಬೇಕು, ನೇರ ಅಂಚಾದರೆ ಗಾಳಿಗೆ ನೂಲು ಬಿಟ್ಟು ಏಳ್ತದೆ. ತುಂಡಿಗೆ ಅಂಗಿಯ ಒಂದು ಗುಂಡಿ ಹಾಗೇ ಉಳಿಸಿ, ನೋಡುವವರಿಗೆ ಕಥೆ ತಿಳಿಯಲಿ. (ನಿಜವಾಗಿ ಗುಂಡಿ ಬಿಟ್ಟಿರಲಾರರು, ಅದು ನಮ್ಮ ಸ್ವಾತಂತ್ರ್ಯ.)

ಬಾಳೆಲೆ ಮೇಷ್ಟ್ರು
ಇನ್ನೊಂದು ತೇಪೆಯೂ ಉಂಟು. ಜಾವಾದಲ್ಲಿ ಕಬ್ಬಿನ ತೋಟವೊಂದರಲ್ಲಿ ಇಳಿದಾಗ ನೆಲಕ್ಕೆ ನೆಟ್ಟ ಬಿದಿರಿನ ಗೂಟಗಳು ಕೆಳಗಿನ ರೆಕ್ಕೆಯನ್ನು ತೂತು ಮಾಡಿದವು. ಅದಕ್ಕೆ ಗಾಯಕ್ಕೆ ಹಾಕುವ ಅಂಟುಪಟ್ಟಿ ಮೆತ್ತಿಕೊಂಡು ಹಾರಿದರು.

ಹಾರಂಗಿ ಹಿನ್ನೀರು
ಇವರನ್ನು ಯುದ್ಧದಲ್ಲಿ ಬ್ರಿಟಿಷರೇ ಹೊಡೆದು ಬೀಳಿಸಿದ್ದು ಅಂತ ಒಂದು ವಿಡಿಯೊ ಬಂದಿತ್ತಲ್ಲ? ಅದನ್ನೂ ಫಲಕದಲ್ಲಿ ಹಾಕಿ.

ಬಾಳೆಲೆ ಮೇಷ್ಟ್ರು
ಬೇಡ. ಹಾಗೆ ಹೇಳುವವರಿದ್ದಾರೆ, ಸಾಬೀತಾಗಿಲ್ಲ. ಖಚಿತವಾದದ್ದು ಇಷ್ಟು. 1941ರ ಜನವರಿ 5. ವಿಮಾನಗಳನ್ನು ವಾಯುನೆಲೆಗಳಿಗೆ ತಲುಪಿಸುವ ಪಡೆಯಲ್ಲಿ ಏಮಿ ಇದ್ದರು. ಏರ್‌ಸ್ಪೀಡ್ ಆಕ್ಸ್‌ಫರ್ಡ್ ವಿಮಾನವನ್ನು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡ್ ಬಳಿಯ ಕಿಡ್ಲಿಂಗ್ಟನ್‌ಗೆ ಒಯ್ಯಬೇಕಿತ್ತು. ಹವಾಮಾನ ಕೆಟ್ಟಿತ್ತು. ಸೇರಬೇಕಾದ ಜಾಗ ದಾಟಿ ತುಂಬ ಪೂರ್ವಕ್ಕೆ, ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಹರ್ನ್ ಬೇ ಹತ್ತಿರ ಪ್ಯಾರಾಶೂಟಿನಲ್ಲಿ ನೀರಿಗಿಳಿದರು. ಹ್ಯಾಸಲ್‌ಮಿಯರ್ ಎಂಬ ಹಡಗಿನವರು ಕಂಡು ಹಗ್ಗ ಎಸೆದರು. ಹಡಗಿನ ಕಮಾಂಡರ್ ವಾಲ್ಟರ್ ಫ್ಲೆಚರ್ ರಕ್ಷಿಸಲು ನೀರಿಗೆ ಹಾರಿ, ಆ ಚಳಿಗೆ ಅವರೂ ತೀರಿಕೊಂಡರು. ಏಮಿಯ ದೇಹ ಸಿಗಲಿಲ್ಲ. ವಯಸ್ಸು 37.

ಕುಟ್ಟ ಗೇಟ್
ಅಷ್ಟು ಮೆಕ್ಯಾನಿಕ್ ಬುದ್ಧಿ ಇದ್ದವರು 1934ರ ಮೆಲ್ಬರ್ನ್ ರೇಸಿನಲ್ಲಿ ಯಾಕೆ ಎಂಜಿನ್ ಸುಟ್ಟುಕೊಂಡರು? ಅದೂ ನಮ್ಮ ದೇಶದಲ್ಲೇ.

ಗ್ರೀಸ್ ಕೈ
ಒಳ್ಳೆ ಪ್ರಶ್ನೆ, ತಕರಾರಿಗೇ ಕೇಳಿದ್ದಾದರೂ. ಆಗ ಗಂಡ ಜಿಮ್ ಮಾಲಿಸನ್ ಜೊತೆ, ಎರಡು ಎಂಜಿನ್‌ನ ಡಿಹೆಚ್ 88 ಕಾಮೆಟ್ ವಿಮಾನ. ಕರಾಚಿವರೆಗೆ ಚೆನ್ನಾಗಿಯೇ ಬಂದರು. ಮುಂದೆ ದಾರಿ ತಪ್ಪಿ ಜಬಲ್‌ಪುರದಲ್ಲಿ ಇಳಿದರೆ ಅಲ್ಲಿ ವಿಮಾನದ ಪೆಟ್ರೋಲೇ ಇಲ್ಲ. ಬಸ್ ಕಂಪನಿಯ ಪೆಟ್ರೋಲ್ ಹಾಕಿಕೊಂಡು ಹೊರಟರು. ರೇಸ್ ಎಂಜಿನ್‌ನಲ್ಲಿ ಕಂಪ್ರೆಷನ್ ಜಾಸ್ತಿ. ಅಗ್ಗದ ಪೆಟ್ರೋಲ್ ಪ್ಲಗ್ಗಿನ ಕಿಡಿಗೆ ಹದವಾಗಿ ಉರಿಯುವ ಬದಲು ಒಮ್ಮೆಗೇ ಸಿಡಿಯುತ್ತೆ, ನಾಕಿಂಗ್ ಅಂತೀವಲ್ಲ ಅದು. ಶಾಖ ಏರಿ ಪಿಸ್ಟನ್ ಹಿಡಿದುಕೊಂಡಿತು, ಎಣ್ಣೆ ಪೈಪ್ ಒಡೆಯಿತು. ಒಂದೇ ಎಂಜಿನ್‌ನಲ್ಲಿ ಅಲಹಾಬಾದಿಗೆ ಬಂದು ರೇಸ್ ಬಿಟ್ಟರು. ಬುದ್ಧಿ ಇದ್ದರೂ ಡಬ್ಬದಲ್ಲಿ ಇರುವುದನ್ನೇ ತಾನೇ ಹಾಕಬೇಕು.

ಸಿಲ್ವರ್ ನೆರಳು
ಜೇಸನ್ ಈಗ ಎಲ್ಲಿದೆ? ಉಳಿದಿದೆಯಾ?

ಬಾಳೆಲೆ ಮೇಷ್ಟ್ರು
ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ತೂಗುಹಾಕಿದ್ದಾರೆ. 600 ಪೌಂಡಿಗೆ ಕೊಂಡ ಸೆಕೆಂಡ್ ಹ್ಯಾಂಡ್ ವಿಮಾನ. ದುಡ್ಡು ಹಾಕಿದವರು ತಂದೆ ಮತ್ತು ಎಣ್ಣೆ ವ್ಯಾಪಾರಿ ಲಾರ್ಡ್ ವೇಕ್‌ಫೀಲ್ಡ್.

ಪೊನ್ನಂಪೇಟೆ ರಸ್ತೆ
ಫಲಕ ತಿದ್ದಿದ್ದೇನೆ, ನೋಡಿ: "ಏಮಿ ಜಾನ್ಸನ್. ಪೈಲಟ್, ಮೆಕ್ಯಾನಿಕ್. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬರೇ ಹಾರಿದ ಮೊದಲ ಮಹಿಳೆ, 1930. ಇನ್‌ಸೇನ್‌ನಲ್ಲಿ ಮುರಿದ ರೆಕ್ಕೆಗೆ ಅಂಗಿ ಬಟ್ಟೆ." ಸರಿಯಾ ಮೇಷ್ಟ್ರೇ?

ಬಾಳೆಲೆ ಮೇಷ್ಟ್ರು
ಸರಿ. "ಬರ್ಮಾದ ಇನ್‌ಸೇನ್" ಅಂತ ಸೇರಿಸಿ.

ಕುಟ್ಟ ಗೇಟ್
ಮುಂದಿನ ವರ್ಷ ಸರಳಾ ತಕ್ರಾಲ್. ಬರೆದಿಟ್ಟುಕೊಳ್ಳಿ, ಖಜಾಂಚಿಗೂ ಹೇಳಿ.

ಗ್ರೀಸ್ ಕೈ
ಪ್ರೊಪೆಲ್ಲರ್ ಮೋಟರ್ ಕಟ್ಟಿ ತಿರುಗಿಸ್ತೀವಿ ಅಂತ ಯಾರಾದರೂ ಹೊರಟರೆ ತಡೆಯಿರಿ. ಆ ದೃಶ್ಯದಲ್ಲಿ ಅದು ಮುರಿದಿದೆ.